ಮನೆ-ಆರೋಗ್ಯ: ಕಚ್ಚಿದ್ದು ಯಾವ ಹುಳು?



ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಹುಳುಹುಪ್ಪಟೆ ಬಾರದ ದಿನ ಯಾವುದಿದೆ ಹೇಳಿ? ಮುಂದೆ ಅಂಗಳ, ಹಿಂದೆ ಅಡಿಕೆ ತೋಟ, ಪಕ್ಕದಲ್ಲಿ ಕೊಟ್ಟಿಗೆ, ಅದರಾಚೆ ಸೊಪ್ಪಿನಬೆಟ್ಟ. ಮಳೆಗಾಲದಲ್ಲಿ ದೀಪ ಹಾಕಿದರೆ ಸಾಕು, ಕಿಟಕಿ ತುಂಬ ಹುಳು. ಚಳಿ ಮುಗಿದು ಬಿಸಿಲು ಏರುವ ಹೊತ್ತಿಗೆ ಉಣುಗಿನ ಕಾಟ. ಮಗು ತುರಿಸಿಕೊಂಡು ಅಳುತ್ತಾ ಬಂದರೆ, “ಏನೋ ಹುಳು ಮುಟ್ಟಿರಬೇಕು, ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚು” ಅಂದುಬಿಡುತ್ತೇವೆ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ ಕೂಡ.

ಆದರೆ ಎರಡು ಸಂದರ್ಭಗಳಲ್ಲಿ ಅಷ್ಟು ಸಾಲದು. ಒಂದು, ಜೇನು ಅಥವಾ ಕಣಜದ ಹುಳು ಕುಟುಕಿದ ಮೇಲೆ ಉಸಿರು ಕಟ್ಟಿದಾಗ. ಇನ್ನೊಂದು, ಕಾಡಿನ ಉಣುಗು ಕಚ್ಚಿ ವಾರದೊಳಗೆ ಜ್ವರ ಬಂದಾಗ. ಮೊದಲನೆಯದರಲ್ಲಿ ನಿಮಿಷಗಳ ಲೆಕ್ಕ, ಎರಡನೆಯದರಲ್ಲಿ ದಿನಗಳ ಲೆಕ್ಕ. ಯಾವುದು ಬರೀ ತುರಿಕೆ, ಯಾವುದು ಅಪಾಯ ಅಂತ ಮನೆಯಾಕೆಗೆ ಗೊತ್ತಿದ್ದರೆ ಅರ್ಧ ಚಿಕಿತ್ಸೆ ಆದಂತೆಯೇ. ಅದಕ್ಕೇ ಈ ಸಲದ ಅಂಕಣ.

ಗುರುತು ನೋಡಿ ಹುಳು ಹೇಳಿ

ಹುಳು ಕಣ್ಣಿಗೆ ಬೀಳುವುದು ಅಪರೂಪ. ಅದು ಬಿಟ್ಟುಹೋದ ಗುರುತು ಮಾತ್ರ ಉಳಿಯುತ್ತದೆ. ಆ ಗುರುತನ್ನು ಸ್ವಲ್ಪ ಗಮನಿಸಿ.

ಬೆಳಿಗ್ಗೆ ಎದ್ದಾಗ ತೋಳು, ಕುತ್ತಿಗೆ, ಬೆನ್ನಿನ ಮೇಲೆ ಎರಡು ಮೂರು ದದ್ದು ಒಂದೇ ಸಾಲಿನಲ್ಲಿದ್ದರೆ ತಿಗಣೆಯ ಅನುಮಾನ ಪಡಿ. ಹಾಸಿಗೆಯ ಹೊಲಿಗೆ, ಮಂಚದ ಸಂದಿಯಲ್ಲಿ ಕಪ್ಪು ಚುಕ್ಕೆ ಕಂಡರೆ ಅನುಮಾನ ನಿಜ. ಮೊಣಕಾಲಿನ ಕೆಳಗೆ, ಅದರಲ್ಲೂ ಹಿಮ್ಮಡಿಯ ಸುತ್ತ ಸಣ್ಣ ಸಣ್ಣ ಗುಳ್ಳೆ ಗುಂಪಾಗಿ ಎದ್ದಿದ್ದರೆ ಚಿಗಟ. ಜಗಲಿಯಲ್ಲಿ ಮಲಗುವ ನಾಯಿ, ಬೆಕ್ಕಿನ ಮೈ ನೋಡಿ. ಬೆಂಕಿ ಬರೆ ಎಳೆದ ಹಾಗೆ ಉದ್ದಕ್ಕೆ ಕೆಂಪಾಗಿ, ಮಾರನೆಯ ದಿನ ಅದರ ಮೇಲೆ ನೀರುಗುಳ್ಳೆ ಎದ್ದರೆ ಅದು ದೀಪಕ್ಕೆ ಬರುವ ಹುಳದ ವಿಷ. ಕುತ್ತಿಗೆ, ತೋಳಿನ ಮೇಲೆ ಒಮ್ಮೆಲೇ ಹತ್ತಾರು ದದ್ದು ಎದ್ದು ಚುಚ್ಚಿದಂತಾದರೆ ಕಂಬಳಿಹುಳುವಿನ ರೋಮ. ಒಂದೇ ಗಂಟು, ನಡುವೆ ಕಪ್ಪು ಚುಕ್ಕೆ, ವಾರವಾದರೂ ಬಿಡದ ತುರಿಕೆ ಇದ್ದರೆ ಅದು ಉಣುಗು.

ದೀಪಕ್ಕೆ ಬರುವ ಬೆಂಕಿಹುಳ

ಇರುವೆಗಿಂತ ಸ್ವಲ್ಪ ಉದ್ದ, ಸುಮಾರು ಒಂದು ಸೆಂಟಿಮೀಟರ್. ತಲೆ ಕಪ್ಪು, ನಡು ಕಿತ್ತಳೆ, ಬೆನ್ನ ಮೇಲೆ ನೀಲಿ ಮಿಶ್ರಿತ ಗಿಡ್ಡ ರೆಕ್ಕೆಯ ಕವಚ, ಬಾಲದ ತುದಿ ಮತ್ತೆ ಕಪ್ಪು. ಬೆದರಿದರೆ ಚೇಳಿನ ಹಾಗೆ ಬಾಲ ಎತ್ತುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ಪೀಡೆರಸ್ ಅಂತ ಹೆಸರು. ಈಗಿನ ಮಕ್ಕಳು “ಆಸಿಡ್ ಹುಳ” ಅನ್ನುತ್ತಾರೆ.

ಇದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಇದರ ರಕ್ತದಲ್ಲಿ ಪೀಡೆರಿನ್ ಎಂಬ ವಿಷ ಇದೆ. ಅದನ್ನು ತಯಾರಿಸುವುದು ಹುಳುವೂ ಅಲ್ಲ, ಅದರ ಮೈಯೊಳಗೆ ಬದುಕುವ ಒಂದು ಸೂಕ್ಷ್ಮಜೀವಿ. ಹೆಣ್ಣು ಹುಳದಲ್ಲೇ ಹೆಚ್ಚು. ಓದುತ್ತಾ ಕೂತಾಗ ಕುತ್ತಿಗೆಯ ಮೇಲೆ ಏನೋ ಹರಿದಂತಾಗಿ ಪಟ್ಟನೆ ಹೊಡೆದು ಒರೆಸಿದಿರಿ ಅನ್ನಿ, ಆ ಒರೆಸಿದ ದಾರಿಯುದ್ದಕ್ಕೂ ವಿಷ ಬಳಿದಂತಾಯಿತು. ಆಗ ಏನೂ ಗೊತ್ತಾಗುವುದಿಲ್ಲ. ಅರ್ಧ ದಿನದಿಂದ ಎರಡು ದಿನದೊಳಗೆ ಉರಿ ಶುರುವಾಗುತ್ತದೆ, ಚರ್ಮ ಕೆಂಪಾಗುತ್ತದೆ, ಗುಳ್ಳೆ ಏಳುತ್ತದೆ. ಮೊಣಕೈ ಮಡಿಸುವ ಜಾಗದಲ್ಲಾದರೆ ಒಂದು ಕಡೆಯದು ಎದುರಿನ ಚರ್ಮಕ್ಕೂ ಅಂಟಿ ಜೋಡಿ ಗಾಯವಾಗುತ್ತದೆ.

ನಮ್ಮಲ್ಲಿ ಇದನ್ನು ನೋಡಿ “ಸರ್ಪಸುತ್ತು” ಅಂತ ಹೆದರುವವರಿದ್ದಾರೆ, “ಜೇಡ ಉಚ್ಚೆ ಹೊಯ್ದಿದೆ” ಅನ್ನುವವರೂ ಇದ್ದಾರೆ. ಎರಡೂ ಅಲ್ಲ. ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಬರುತ್ತದೆ, ಗುಳ್ಳೆಗೆ ಮುಂಚೆಯೇ ನೋವು ಇರುತ್ತದೆ. ಅನುಮಾನ ಇದ್ದರೆ ವೈದ್ಯರಿಗೆ ತೋರಿಸಿ, ಯಾಕೆಂದರೆ ಸರ್ಪಸುತ್ತಿಗೆ ಬೇಗ ಮಾತ್ರೆ ಶುರು ಮಾಡಿದಷ್ಟೂ ಒಳ್ಳೆಯದು.

ಈ ಹುಳು ಮೈಮೇಲೆ ಕೂತರೆ ಹೊಡೆಯಬೇಡಿ. ಉಫ್ ಅಂತ ಊದಿ, ಇಲ್ಲವೇ ಕಾಗದದ ಮೇಲೆ ಹತ್ತಿಸಿ ಕೊಡವಿ. ಅರಿಯದೆ ಉಜ್ಜಿದ್ದರೆ ತಕ್ಷಣ ಸೋಪು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ. ಆ ಕೈಯನ್ನು ಕಣ್ಣಿಗೆ ಮುಟ್ಟಿಸಲೇಬೇಡಿ. ಕಣ್ಣಿಗೆ ತಾಗಿ ಊದಿಕೊಂಡರೆ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಆಫ್ರಿಕಾದಲ್ಲಿ ಇದಕ್ಕೆ “ನೈರೋಬಿ ಕಣ್ಣು” ಅಂತಲೇ ಹೆಸರು. 2022ರ ಜುಲೈ ಹೊತ್ತಿಗೆ ಸಿಕ್ಕಿಂನ ಒಂದು ಕಾಲೇಜಿನ ನೂರರಷ್ಟು ವಿದ್ಯಾರ್ಥಿಗಳಿಗೆ ಇದೇ ಹುಳುವಿನ ಗುಳ್ಳೆ ಎದ್ದು ಸುದ್ದಿಯಾಗಿತ್ತು. ಗಾಯ ಒಂದರಿಂದ ಮೂರು ವಾರದಲ್ಲಿ ತಾನೇ ವಾಸಿಯಾಗುತ್ತದೆ. ಕಪ್ಪು ಕಲೆ ಮಾತ್ರ ಕೆಲವು ತಿಂಗಳು ಉಳಿಯಬಹುದು. ಹೆಣ್ಣುಮಕ್ಕಳ ಮುಖದ ಮೇಲಾದರೆ ಚಿಂತೆ ಸಹಜ, ಆದರೆ ಆ ಕಲೆಯೂ ಮಾಸುತ್ತದೆ.

ಗದ್ದೆಯಲ್ಲಿ ಭತ್ತ ತಿನ್ನುವ ಕೀಟಗಳನ್ನು ಹಿಡಿದು ತಿನ್ನುವುದೂ ಇದೇ ಹುಳು. ಹಾಗಾಗಿ ಅದು ಗದ್ದೆಯಲ್ಲಿರಲಿ, ಮನೆಯೊಳಗೆ ಬೇಡ. ಸಂಜೆ ದೀಪ ಹಾಕುವ ಮೊದಲೇ ಕಿಟಕಿ ಮುಚ್ಚಿ, ಮಲಗುವ ಜಾಗದ ನೇರ ಮೇಲೆ ಬಿಳಿ ಟ್ಯೂಬ್‌ಲೈಟ್ ಬೇಡ, ಹೊರಗೆ ಹಳದಿ ಬಲ್ಬ್ ಹಾಕಿ. ಸೊಳ್ಳೆಪರದೆ ಕಟ್ಟಿದರೆ ಇನ್ನೂ ಒಳ್ಳೆಯದು.

ರಬ್ಬರ್ ತೋಟದ ಹತ್ತಿರ ಇರುವವರಿಗೆ ಇನ್ನೊಂದು ಕಾಟ ಇದೆ. ಕೇರಳದಲ್ಲಿ “ಮುಪ್ಲಿ ಹುಳು” ಅನ್ನುವ ಸಣ್ಣ ಕಪ್ಪು ದುಂಬಿ. ಉದುರಿದ ರಬ್ಬರ್ ಎಲೆ ತಿಂದು ಬೆಳೆದು, ಮುಂಗಾರಿಗೆ ಮುಂಚಿನ ಮಳೆ ಬಿದ್ದ ಕೂಡಲೇ ದೀಪದ ಬೆಳಕಿಗೆ ಸಾವಿರಗಟ್ಟಲೆ ಮನೆಯೊಳಗೆ ನುಗ್ಗಿ, ಹೆಂಚಿನ ಸಂದಿಯಲ್ಲಿ ತಿಂಗಳುಗಟ್ಟಲೆ ನಿದ್ದೆ ಹೊಡೆಯುತ್ತದೆ. ಮಲಗಿದಾಗ ಮೈ ಕೆಳಗೆ ಸಿಕ್ಕಿಕೊಂಡರೆ ಕೆಟ್ಟ ವಾಸನೆಯ ರಸ ಬಿಡುತ್ತದೆ, ಚರ್ಮ ಸುಟ್ಟಂತಾಗುತ್ತದೆ. ಕಾಲಿನಲ್ಲಿ ಹೊಸಕಬೇಡಿ. ಗುಡಿಸಿ ಸೋಪು ನೀರಿನ ಬಕೆಟ್ಟಿಗೆ ಹಾಕಿ. ಹಾಸಿಗೆ ಹಾಸುವ ಮೊದಲು ಒಮ್ಮೆ ಕೊಡವಿ.

ನುಗ್ಗೆಮರದ ಕಂಬಳಿಹುಳು

ನುಗ್ಗೆಮರದ ಬೊಡ್ಡೆಗೆ ಕಂಬಳಿ ಹೊದಿಸಿದಂತೆ ಹುಳು ಗುಂಪುಗಟ್ಟುವುದನ್ನು ನೋಡಿದ್ದೀರಲ್ಲ? ಅದರ ರೋಮ ಗಾಳಿಯಲ್ಲಿ ಹಾರಿ ಕೆಳಗೆ ಒಣಹಾಕಿದ ಬಟ್ಟೆಗೆ ಅಂಟಿಕೊಳ್ಳುತ್ತದೆ. ಹುಳುವನ್ನೇ ಮುಟ್ಟದ ಮಗುವಿನ ಮೈತುಂಬ ದದ್ದು ಏಳುವುದು ಹೀಗೆ. ಆ ಮರದ ಕೆಳಗೆ ತಂತಿ ಕಟ್ಟಬೇಡಿ. ರೋಮ ತಾಗಿದರೆ ಉಜ್ಜಬೇಡಿ, ಉಜ್ಜಿದರೆ ಇನ್ನೂ ಒಳಕ್ಕೆ ಹೋಗುತ್ತದೆ. ಮಕ್ಕಳ ಪುಸ್ತಕಕ್ಕೆ ಅಂಟಿಸುವ ಗಮ್‌ಟೇಪ್ ತಂದು ಚರ್ಮದ ಮೇಲೆ ಒತ್ತಿ ಎಳೆಯಿರಿ, ರೋಮ ಅದಕ್ಕೆ ಅಂಟಿ ಬರುತ್ತದೆ. ಆಮೇಲೆ ಸೋಪು ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಮಾತ್ರ ಮನೆಮದ್ದು ಬೇಡ, ವೈದ್ಯರೇ ಆಗಬೇಕು.

ಕಣಜ, ಜೇನು, ಇರುವೆ

ಮಾಡಿನ ಅಂಚಿಗೆ, ಕಿಟಕಿಯ ಮೂಲೆಗೆ ಕಣಜದ ಹುಳು ಗೂಡು ಕಟ್ಟುತ್ತದೆ. ಇದರ ಮುಳ್ಳು ನುಣುಪು. ಒಂದೇ ಹುಳು ಮತ್ತೆ ಮತ್ತೆ ಕುಟುಕಬಲ್ಲದು. ಜೇನಿನ ಮುಳ್ಳಿಗೆ ಹಿಂಬದಿಯ ಕೊಕ್ಕೆಗಳಿವೆ; ಅದು ನಮ್ಮ ಚರ್ಮದಲ್ಲೇ ಉಳಿದು, ಜೊತೆಗಿರುವ ವಿಷದ ಚೀಲ ಸ್ವಲ್ಪ ಹೊತ್ತು ಒತ್ತುತ್ತಲೇ ಇರುತ್ತದೆ. ಆದ್ದರಿಂದ ಜೇನು ಕುಟುಕಿದರೆ ಮೊದಲ ಕೆಲಸ ಮುಳ್ಳು ತೆಗೆಯುವುದು. ಉಗುರಿನಿಂದಲೋ ಚಿಮುಟದಿಂದಲೋ ಅಂತ ಯೋಚಿಸುತ್ತಾ ಕೂರಬೇಡಿ. ಹೇಗಾದರೂ ಸರಿ, ಬೇಗ ತೆಗೆಯಿರಿ. ಆಮೇಲೆ ಸೋಪು ನೀರು, ತಣ್ಣೀರಿನ ಬಟ್ಟೆ. ಮಿಸ್ರಿ ಜೇನಿಗೆ ಮಾತ್ರ ಕುಟುಕುವ ಮುಳ್ಳಿಲ್ಲ, ಹೆದರಬೇಡಿ.

ಕುಟುಕಿದ ಕೈ ಮಾರನೆಯ ದಿನ ಇನ್ನೂ ದಪ್ಪಗಾದರೆ ಗಾಬರಿ ಬೇಡ. ಎರಡು ದಿನ ಊತ ಹೆಚ್ಚುವುದು ಸಾಮಾನ್ಯ. ಬಳೆ, ಉಂಗುರ ಮಾತ್ರ ಮೊದಲೇ ತೆಗೆದುಬಿಡಿ.

ಈಗ ಮುಖ್ಯ ಮಾತು. ಕುಟುಕಿದ್ದು ಕೈಗೆ, ಆದರೆ ಮೈಯೆಲ್ಲ ದದ್ದು ಎದ್ದಿತು, ತುಟಿ, ನಾಲಿಗೆ ಊದಿತು, ಗಂಟಲು ಬಿಗಿಯಿತು, ಉಸಿರಾಟದಲ್ಲಿ ಸುಯ್ ಅಂತ ಸದ್ದು, ತಲೆ ಸುತ್ತು, ವಾಂತಿ. ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಮುಟ್ಟಬೇಡಿ. ಇದು ಇಡೀ ದೇಹವೇ ವಿಷಕ್ಕೆ ತಿರುಗಿಬೀಳುವ ಅಲರ್ಜಿ. ಹೆಚ್ಚಾಗಿ ಕೆಲವು ನಿಮಿಷದಿಂದ ಅರ್ಧ ಗಂಟೆಯೊಳಗೆ ಶುರುವಾಗುತ್ತದೆ. ಇದಕ್ಕೆ ಮದ್ದು ಒಂದೇ, ಅಡ್ರಿನಲಿನ್ ಇಂಜೆಕ್ಷನ್. ಹತ್ತಿರದ ಆಸ್ಪತ್ರೆ ಯಾವುದಿದೆಯೋ ಅಲ್ಲಿಗೆ, ಸಿಕ್ಕ ವಾಹನದಲ್ಲಿ ಹೊರಡಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ದಾರಿಯಲ್ಲಿ ರೋಗಿಯನ್ನು ಮಲಗಿಸಿ ಕಾಲು ಎತ್ತರಕ್ಕಿಡಿ. ಉಸಿರಾಟ ಕಷ್ಟವಾದರೆ ಮಾತ್ರ ಒರಗಿ ಕೂರಿಸಿ. ನಡೆಸಬೇಡಿ. ಒಮ್ಮೆ ಹೀಗಾದವರಿಗೆ ಮತ್ತೆ ಆಗಬಹುದು. ಅಂಥವರು ತಜ್ಞರನ್ನು ಕಂಡು ಮುಂದಿನ ವ್ಯವಸ್ಥೆ ಕೇಳಿಕೊಳ್ಳಲೇಬೇಕು.

ಹೆಜ್ಜೇನು ಎದ್ದು ಹತ್ತಾರು ಕಡೆ ಕುಟುಕಿದ್ದರೆ, ಆಗ ಚೆನ್ನಾಗಿಯೇ ಇದ್ದರೂ ಆಸ್ಪತ್ರೆಗೆ ಸೇರಿಸಿ. ಅಷ್ಟು ವಿಷ ಒಂದೆರಡು ದಿನದಲ್ಲಿ ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದು.

ಇರುವೆಯ ವಿಷಯದಲ್ಲಿ ಇಷ್ಟು ಸಾಕು: ಮರದ ಮೇಲಿನ ಚಗಳಿ ಕಚ್ಚಿ ಹುಳಿರಸ ಚಿಮ್ಮಿಸುತ್ತದೆ, ಉರಿ ಬೇಗ ಇಳಿಯುತ್ತದೆ. ನೆಲದ ಕೆಂಜಿರುವೆ ಬಾಲದಿಂದ ಕುಟುಕುತ್ತದೆ, ಮಾರನೆಯ ದಿನ ಕೀವಿನಂಥ ಗುಳ್ಳೆ ಏಳುತ್ತದೆ. ಅದನ್ನು ಒಡೆಯಬೇಡಿ.

ಉಣುಗು: ದರಕಿನ ಬುಟ್ಟಿಯಲ್ಲಿ ಬರುವ ಅತಿಥಿ

ಉಣುಗು ಅಥವಾ ಉಣ್ಣಿ ನಿಜಕ್ಕೂ ಕೀಟವಲ್ಲ, ಜೇಡದ ಕಡೆಯ ಬಂಧು. ಬೆಳೆದದ್ದಕ್ಕೆ ಎಂಟು ಕಾಲು. ಆದರೂ ಮಲೆನಾಡಿನ ಹೆಂಗಸರಿಗೆ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಊರುಗಳ ಜನಕ್ಕೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಒಂದನ್ನು ಗುರುತಿಸಿದರು. ಅದೇ ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಬಾಯಲ್ಲಿ “ಮಂಗನ ಕಾಯಿಲೆ”. ಹೆಸರು ಮಂಗನದಾದರೂ ಮನುಷ್ಯರಿಗೆ ಅಂಟಿಸುವುದು ಮುಖ್ಯವಾಗಿ ಉಣುಗು. 2018ರ ಕೊನೆ ಮತ್ತು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಹಲವರ ಜೀವ ತೆಗೆದದ್ದು ನಿಮಗೆ ನೆನಪಿರಬಹುದು. 2024ರಲ್ಲೂ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸಾವುಗಳಾದವು.

ಇದು ಹೆಂಗಸರ ಮಾತು ಯಾಕೆ ಅಂತೀರಾ? ಲೆಕ್ಕ ಹಾಕಿ ನೋಡಿ. ಉಣುಗು ಮಳೆಗಾಲದ ಹೊತ್ತಿಗೆ ತರಗೆಲೆಯ ಅಡಿ ಮೊಟ್ಟೆ ಇಡುತ್ತದೆ. ಮರಿಗಳು ಮೊದಲು ಇಲಿಯಂಥ ಸಣ್ಣ ಪ್ರಾಣಿಗಳ ರಕ್ತ ಕುಡಿದು, ಜನವರಿಯ ಹೊತ್ತಿಗೆ ಇನ್ನೊಂದು ಹಂತಕ್ಕೆ ಬೆಳೆಯುತ್ತವೆ. ಮನುಷ್ಯರನ್ನು ಕಚ್ಚುವುದು ಮುಖ್ಯವಾಗಿ ಆ ಹಂತದ ಗಸಗಸೆಯಷ್ಟು ಸಣ್ಣ ಮರಿ. ಸರಿಯಾಗಿ ಅದೇ ತಿಂಗಳುಗಳಲ್ಲಿ ನಾವು ಕೊಟ್ಟಿಗೆಗೆ ಹಾಸಲು ದರಕು ಗುಡಿಸಲು ಬೆಟ್ಟಕ್ಕೆ ಹೋಗುತ್ತೇವೆ, ಸೌದೆ ತರುತ್ತೇವೆ, ಅಪ್ಪೆಮಿಡಿ ಆರಿಸುತ್ತೇವೆ. ದರಕಿನ ಬುಟ್ಟಿ ತಲೆಯ ಮೇಲೆ, ಉಣುಗು ಬುಟ್ಟಿಯಲ್ಲಿ. ಕಾಡಿಗೆ ಹೋಗದ ಅಜ್ಜಿಗೂ ಮಗುವಿಗೂ ಮನೆ ಬಾಗಿಲಿಗೇ ಉಣುಗು ಬಂದಂತಾಯಿತು. ಮೇಯಲು ಹೋದ ದನವೂ ಉಣುಗು ಹೊತ್ತು ತರುತ್ತದೆ.

ಒಂದು ಸಮಾಧಾನ: ಕಚ್ಚಿದ ಉಣುಗೆಲ್ಲ ಕಾಯಿಲೆಯ ಉಣುಗಲ್ಲ. ತುರಿಕೆಯ ಗಂಟು ಎದ್ದ ಮಾತ್ರಕ್ಕೆ ಮಂಗನ ಕಾಯಿಲೆ ಅಂತ ಅಲ್ಲ. ಗಂಟು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ತುರಿಸಬಹುದು. ಅದು ಚರ್ಮದ ತೊಂದರೆ ಮಾತ್ರ. ನೀವು ಕಾಯಬೇಕಾದದ್ದು ಜ್ವರವನ್ನು.

ಕಚ್ಚಿ ಸಾಮಾನ್ಯವಾಗಿ 3ರಿಂದ 8 ದಿನದೊಳಗೆ ಹಠಾತ್ತನೆ ಜೋರು ಜ್ವರ, ತಲೆನೋವು, ಸೊಂಟ ಮತ್ತು ಮಾಂಸಖಂಡಗಳಲ್ಲಿ ಮುರಿದಂಥ ನೋವು, ಕೆಂಪು ಕಣ್ಣು, ವಾಂತಿ, ಕೆಲವರಿಗೆ ಮೂಗು ವಸಡಿನಲ್ಲಿ ರಕ್ತ. ಇಂಥ ಜ್ವರ ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, “ಕಾಡಿಗೆ ಹೋಗಿದ್ದೆ, ಉಣುಗು ಕಚ್ಚಿದೆ” ಅಂತ ಕೇಳದಿದ್ದರೂ ಹೇಳಿ. ಆ ಒಂದು ಮಾತಿನಿಂದ ವೈದ್ಯರು ರಕ್ತಪರೀಕ್ಷೆಗೆ ಕಳಿಸುತ್ತಾರೆ. ನಿಶ್ಚಿತವಾದ ಔಷಧಿ ಇಲ್ಲದಿದ್ದರೂ, ಬೇಗ ಸೇರಿಸಿ ದ್ರವಾಂಶ ಕೊಟ್ಟು, ರಕ್ತಸ್ರಾವ ನೋಡಿಕೊಂಡರೆ ಬಹುತೇಕ ಮಂದಿ ಗುಣವಾಗುತ್ತಾರೆ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಬೇಡ, ಅವು ರಕ್ತಸ್ರಾವ ಹೆಚ್ಚಿಸಬಹುದು. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮರುಕಳಿಸುತ್ತದೆ. ಆಗ ತಲೆನೋವು, ನಡುಕ, ಮಂಕು ಕಂಡರೆ ಮತ್ತೆ ಆಸ್ಪತ್ರೆ. ರೋಗಿಯಿಂದ ಇನ್ನೊಬ್ಬರಿಗೆ ಇದು ಅಂಟುವುದಿಲ್ಲ, ದೂರ ಇಡಬೇಡಿ.

ಸೋದರಿಯರೇ, ಗಂಡಸರಿಗೆ ಜ್ವರ ಬಂದರೆ ಜೀಪು ಬರುತ್ತದೆ. ನಮಗೆ ಬಂದರೆ “ಹಾಲು ಕರೆದು, ಅಡುಗೆ ಮುಗಿಸಿ, ನಾಳೆ ನೋಡೋಣ” ಅನ್ನುತ್ತೇವೆ. ಈ ಜ್ವರದಲ್ಲಿ ಆ ನಾಳೆ ದುಬಾರಿ. ಒಂದು ದಿನ ಮಜ್ಜಿಗೆ ಅನ್ನ ಉಂಡರೆ ಮನೆಯವರಿಗೆ ಏನೂ ಆಗುವುದಿಲ್ಲ.

ಬೆಟ್ಟಕ್ಕೆ ಹೋಗುವಾಗ, ಬಂದಾಗ

ಹಳೆಯ ಲಸಿಕೆ 2022ರಲ್ಲಿ ನಿಂತಿತು. ಹೊಸದನ್ನು ತಯಾರಿಸುವ ಕೆಲಸಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಹಾಕಿದೆ. ಏನೇ ಆಗಲಿ, ನಮ್ಮ ಎಚ್ಚರ ನಮಗಿರಬೇಕು.

ಹೋಗುವ ಮೊದಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲವನ್ನು ಕೈ, ಕಾಲು, ಕುತ್ತಿಗೆಗೆ ಹಚ್ಚಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಿಗುತ್ತದೆ. ಕಣ್ಣು, ಬಾಯಿಗೆ ತಾಗದಿರಲಿ. ಮನೆಯವರ ಹಳೆಯ ತುಂಬುತೋಳಿನ ಅಂಗಿ, ಪ್ಯಾಂಟು ಹಾಕಿಕೊಳ್ಳಲು ನಾಚಿಕೆ ಬೇಡ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ದರಕಿನ ರಾಶಿಯ ಮೇಲೆ ಕೂರಬೇಡಿ, ಮಗುವನ್ನು ಮಲಗಿಸಬೇಡಿ.

ಬಂದ ಕೂಡಲೇ ಬಚ್ಚಲಿಗೆ. ಬಟ್ಟೆಯನ್ನು ಮಂಚದ ಮೇಲೆ ಎಸೆಯದೆ ಬಿಸಿನೀರಿನಲ್ಲಿ ಅದ್ದಿ. ಬಿಸಿನೀರು, ಸೋಪಿನಲ್ಲಿ ಮೈ ಉಜ್ಜಿ ಸ್ನಾನ ಮಾಡಿ. ಕಿವಿಯ ಹಿಂದೆ, ಕಂಕುಳು, ತೊಡೆಸಂದಿ, ಲಂಗದ ಲಾಡಿ ಕಟ್ಟುವ ಜಾಗ, ತಲೆಕೂದಲು, ಮಕ್ಕಳ ಉಡಿದಾರದ ಅಡಿ ನೋಡಿ. ಒಬ್ಬರಿಗೊಬ್ಬರು ನೋಡಿಕೊಳ್ಳಿ.

ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಸುರಿಯುವುದು, ಬೀಡಿ ಕೆಂಡ ಹಿಡಿಯುವುದು ಬೇಡ. ಸಣ್ಣ ಮೂತಿಯ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನಿಧಾನವಾಗಿ ನೇರಕ್ಕೆ ಎಳೆಯಿರಿ. ಉಗುರಿನಲ್ಲಿ ಕುಕ್ಕಿ ಚಿಟ್ ಅನ್ನಿಸಬೇಡಿ. ಸ್ಪಿರಿಟ್ಟಿನಲ್ಲೋ ಸೋಪು ನೀರಿನಲ್ಲೋ ಮುಳುಗಿಸಿ. ಕೈ ಮತ್ತು ಗಾಯ ಸೋಪಿನಲ್ಲಿ ತೊಳೆಯಿರಿ, ಕ್ಯಾಲೆಂಡರಿನಲ್ಲಿ ತಾರೀಕು ಬರೆದಿಡಿ.

ದನದ ಮೈಯ ಉಣುಗಿಗೆ ಪಶುವೈದ್ಯರು ಹೇಳಿದ ಔಷಧಿ ಹಚ್ಚಿ. ಹತ್ತಿರದಲ್ಲಿ ಮಂಗ ಅಥವಾ ಮುಸಿಯ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಆ ಕಡೆ ದನ ಬಿಡಬೇಡಿ. ಸತ್ತ ಮೈಯಿಂದ ಇಳಿದ ಉಣುಗು ಸುತ್ತಲೂ ಹರಡಿರುತ್ತದೆ. ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ ಸುಮಾರು 50 ಮೀಟರ್ ಸುತ್ತ ಕೀಟನಾಶಕ ಹಾಕುತ್ತಾರೆ.

ನೀವು ಕೇಳುವ ಪ್ರಶ್ನೆಗಳು

ಕುಟುಕಿದ ಜಾಗಕ್ಕೆ ಸುಣ್ಣ ಹಚ್ಚಬಹುದೇ?
ಬೇಡ. ಸುಣ್ಣ ಚರ್ಮ ಸುಡುತ್ತದೆ, ವಿಷ ಇಳಿಸುವುದಿಲ್ಲ. ಕೆಸರು, ಸಗಣಿಯೂ ಬೇಡ, ಧನುರ್ವಾಯು, ಕೀವಿಗೆ ದಾರಿ. ತಣ್ಣೀರಿನ ಬಟ್ಟೆ ಹತ್ತು ನಿಮಿಷ ಇಡಿ, ಕ್ಯಾಲಮೈನ್ ಲೋಷನ್ ಹಚ್ಚಿ.

ಅರಿಶಿನ, ಕೊಬ್ಬರಿ ಎಣ್ಣೆ?
ಚರ್ಮ ಒಡೆಯದಿದ್ದರೆ ಕೊಬ್ಬರಿ ಎಣ್ಣೆಯಿಂದ ತೊಂದರೆಯಿಲ್ಲ. ಒಡೆದ ನೀರುಗುಳ್ಳೆಗೆ ಅಡುಗೆಮನೆಯ ಅರಿಶಿನ ಬೇಡ.

ಔಷಧಿ ಅಂಗಡಿಯ ತುರಿಕೆ ಮುಲಾಮು ಹಚ್ಚಲೇ?
ವೈದ್ಯರನ್ನು ಕೇಳದೆ ಬೇಡ, ಮುಖಕ್ಕಂತೂ ಖಂಡಿತ ಬೇಡ. ಸ್ಟೀರಾಯ್ಡ್ ಬೆರೆತ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ರಾತ್ರಿ ತುರಿಕೆಗೆ ಸೆಟ್ರಿಜಿನ್‌ನಂಥ ಮಾತ್ರೆಯನ್ನು ಅವರೇ ಹೇಳುತ್ತಾರೆ. ಬಸುರಿ, ಬಾಣಂತಿಯರು ಮತ್ತು ಮಕ್ಕಳಿಗೆ ಕೇಳಿಯೇ ಕೊಡಬೇಕು.

ಮಗು ತುರಿಸಿ ತುರಿಸಿ ಹುಣ್ಣು ಮಾಡಿಕೊಂಡಿದೆ.
ಮೊದಲು ಉಗುರು ಕತ್ತರಿಸಿ. ಹಳದಿ ಪೊರೆ, ಕೀವು, ಜ್ವರ ಕಂಡರೆ ತೋರಿಸಿ.

ಈ ಪುಟವನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡರೆ ಸಂತೋಷ. ಪಕ್ಕದಲ್ಲೇ ಹತ್ತಿರದ ಆಸ್ಪತ್ರೆಯ, ಆಶಾ ಕಾರ್ಯಕರ್ತೆಯ ಫೋನ್ ನಂಬರ್ ಬರೆದಿಡಿ. ಓದು ಬಾರದ ಕೆಲಸದಾಕೆಗೆ ನೀವೇ ಓದಿ ಹೇಳಿ. ದರಕಿಗೆ ನಿಮಗಿಂತ ಹೆಚ್ಚು ಹೋಗುವವಳು ಅವಳೇ ಅಲ್ಲವೇ?

ಮುಂದಿನ ಸಂಚಿಕೆಯಲ್ಲಿ ಕಾಲ್ಬೆರಳ ಸಂದಿಯ ಕೆಸರುಹುಣ್ಣಿನ ಬಗ್ಗೆ ಮಾತಾಡೋಣ.